ಎಳೆಯ ಹಾಕಿಪಟುಗಳಿಗೆ ಅವಸರದ ಬಡತಿ

ಸರಕಾರಿ ನೌಕರಿಯಲ್ಲಿರುವ ನಮ್ಮ ವಾಚಕರಿಗೆ ಬಡತಿಯ ಬೆಲೆಯನ್ನು ನಾವು ಹೇಳಿಕೊಡಬೇಕಾಗಿಲ್ಲ. ಅದು ತಡವಾದರೆ ಆಗುವ ಸಂಕಟವನ್ನು ಅವರು ಬಲ್ಲರು. ತೀರ ಬೇಗನೆ ಬಂದರೂ ಕೇಡಾದೀತೆಂದರೆ ಮಾತ್ರ ಅವರು ನಕ್ಕಾರು. ಆದರೆ ಹಾಕಿಯ ಮೈದಾನದಲ್ಲಿ ಈ ಕೇಡು ಸಂಭವಿಸುತ್ತಿದೆ. ಅದಕ್ಕೆ ಗುರಿಯಾಗುವವರು ಹದಿನಾರು ಹದಿನೇಳು ವಯಸ್ಸಿನ ಹುಡುಗರು.

ಗದಗ-ಬೆಟಗೇರಿಗೆ ಹಾಕಿಯು ಹೊಸದಲ್ಲ. ಬೆಟಗೇರಿ, ಹುಬ್ಬಳ್ಳಿಗಳ ಸೆಟ್ಲಮೆಂಟುಗಳಲ್ಲಿ ಈ ಆಟವು ಬೇರೂರಿ ತಲೆಮಾರುಗಳೇ ಕಳೆದವು. 1871ರಲ್ಲಿ ಹುಟ್ಟಿ 1952ರಲ್ಲಿ ರದ್ದಾದ ಕಾಯಿದೆಯೊಂದು ಯಾರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆದು ಕಾವಲಿನೊಳಗಿಟ್ಟಿತ್ತೋ, ಅವರ ಮಕ್ಕಳು ಮೊಮ್ಮಕ್ಕಳು ಹಾಕಿಯ ಕೋಲು ಹಿಡಿದು ಮಾನ ಸಂಪಾದಿಸಿದರು, ನೌಕರಿಯನ್ನೂ ಸಂಪಾದಿಸಿದರು. ಆದ್ದರಿಂದ ಇಲ್ಲಿ ಹಾಕಿಯೆಂದರೆ ಬರಿಯ ವಿನೋದವಲ್ಲ; ಅದು ಮನೆಯ ಅನ್ನದ ಪ್ರಶ್ನೆ.

ಇನ್ನು ಹರ್ತಿಯಂಥ ಊರಿನ ಹುಡುಗನೊಬ್ಬನನ್ನು ಊಹಿಸಿರಿ. ಮಸಾರಿ ನೆಲದಲ್ಲಿ ಬರಿಗಾಲಿನಿಂದ ಆಡಿ ಬೆಳೆದವನು. ಕಾಲಲ್ಲಿ ಚುರುಕು, ಕಣ್ಣಲ್ಲಿ ಲಕ್ಷ್ಯ. ಯಾರೋ ಕಂಡು ಮೆಚ್ಚಿ ಪಟ್ಟಣದ ಮೇಲ್ದರ್ಜೆಯ ತಂಡಕ್ಕೆ ಕರೆದೊಯ್ಯುತ್ತಾರೆ. ಊರವರು ಪೇಡೆ ಹಂಚುತ್ತಾರೆ. ಮುಂದಿನ ಕಥೆಯನ್ನು ಕೇಳುವವರು ಯಾರು? ಮೈದಾನದಲ್ಲಿ ಏಕಕಾಲಕ್ಕೆ ಆಡುವವರು 11 ಜನ. ಪಂದ್ಯವು 60 ನಿಮಿಷ. ತಂಡದ ಯಾದಿಯಲ್ಲಿ 18 ಹೆಸರುಗಳಿದ್ದರೆ, ಅನುಭವಿಗಳೆಲ್ಲ ತಮ್ಮ ಪಾಲನ್ನು ತೆಗೆದುಕೊಂಡ ಮೇಲೆ ಹದಿನೆಂಟನೆಯವನಿಗೆ ಉಳಿಯುವದು ಅಂಚಿನ ಬಾಕು ಮಾತ್ರ. ಕೂತು ನೋಡಿದರೆ ಈಜು ಬರುವದಿಲ್ಲ, ಹಾಕಿಯೂ ಬರುವದಿಲ್ಲ. ಎರಡು ಮೂರು ವರ್ಷ ಹೀಗೆ ಕಳೆದು ಅವನನ್ನು ಕೈಬಿಟ್ಟರೆ ಆಟವೂ ಇಲ್ಲ, ಓದೂ ಇಲ್ಲ. ಅದೇ ಹುಡುಗನು ಕೆಳದರ್ಜೆಯ ಲೀಗಿನಲ್ಲಿದ್ದಿದ್ದರೆ ಪ್ರತಿ ವಾರ ಪೂರ್ಣ ಪಂದ್ಯವಾಡುತ್ತಿದ್ದನು. ತಪ್ಪುತ್ತಿದ್ದನು, ಸೋಲುತ್ತಿದ್ದನು, ತಂಡದ ಭಾರವನ್ನು ತಾನೇ ಹೊರುವದನ್ನು ಕಲಿಯುತ್ತಿದ್ದನು.

ನೆಲದ ಮಾತೂ ಇದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಸಲ ಕೃತ್ರಿಮ ಹಾಸಿನ ಮೇಲೆ ಆಟ ನಡೆಯಿತು. ಹಿಂದಿನ ವರ್ಷವಷ್ಟೇ ವಿಶ್ವಕಪ್ಪನ್ನು ಗೆದ್ದಿದ್ದ ಭಾರತವು ಅಲ್ಲಿ ಏಳನೆಯ ಸ್ಥಾನಕ್ಕಿಳಿಯಿತು. ಪಳಗಿದ ಆಟಗಾರರಿಗೇ ಹಾಗಾದ ಮೇಲೆ, ಮಣ್ಣಿನಲ್ಲಿ ಬೆಳೆದ ಹುಡುಗನನ್ನು ಒಮ್ಮೆಲೇ ಹಾಸಿನ ಮೇಲೆ ನಿಲ್ಲಿಸಿ ಒಂದೇ ದಿನದಲ್ಲಿ ಅವನ ಯೋಗ್ಯತೆಯನ್ನು ಅಳೆಯುವದು ನ್ಯಾಯವಲ್ಲ.

ಹೀಗೆ ತಡೆದರೆ ಪ್ರತಿಭೆಯು ಕಮರುವದೆಂದು ಕೆಲವರು ಆಕ್ಷೇಪಿಸುವರು. ಹರ್ಮನ್‌ಪ್ರೀತ್ ಸಿಂಗರ ಉದಾಹರಣೆಯನ್ನು ಅವರು ನೋಡಲಿ. 2016ರ ಆಗಸ್ಟಿನಲ್ಲಿ ರಿಯೋ ಒಲಿಂಪಿಕ್ಸಿನಲ್ಲಿ ಆಡಿ ಬಂದ ಆ ತರುಣರು, ಅದೇ ಡಿಸೆಂಬರಿನಲ್ಲಿ ಲಖನೌದ ಕಿರಿಯರ ವಿಶ್ವಕಪ್ಪಿನಲ್ಲಿ ಮತ್ತೆ ಕಿರಿಯರೊಡನೆ ನಿಂತರು. ಬೆಲ್ಜಿಯಮ್ಮನ್ನು 2-1ರಿಂದ ಸೋಲಿಸಿ ಭಾರತವು ಆ ಕಪ್ಪನ್ನು ಗೆದ್ದಿತು. ಅದೇ ತಂಡದ ಸಿಮ್ರನ್‌ಜೀತ್ ಸಿಂಗರು ಟೋಕಿಯೋದ ಕಂಚಿನ ಪಂದ್ಯದಲ್ಲಿ ಜರ್ಮನಿಗೆ ಎರಡು ಗೋಲು ಹೊಡೆದರು. ಹರ್ಮನ್‌ಪ್ರೀತರು 2024ರಲ್ಲಿ ಪ್ಯಾರಿಸಿನಲ್ಲಿ ನಾಯಕರಾಗಿ ಕಂಚು ತಂದರು. ಮೇಲೇರಿದವನು ಕೆಳಗಿಳಿದು ಆಡಿದರೆ ಮಾನಹಾನಿಯೆಂಬ ನಮ್ಮ ಹಳೆಯ ಭ್ರಮೆಗೆ (ಇದು ಕಚೇರಿಗಳಿಂದ ಮೈದಾನಕ್ಕೆ ಬಂದಿರಬೇಕು) ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಕೊಡಗಿನವರು 1997ರಿಂದ ಮನೆತನಕ್ಕೊಂದು ತಂಡ ಕಟ್ಟಿ ಹಬ್ಬದಂತೆ ಹಾಕಿಯಾಡುತ್ತ ಬಂದಿದ್ದಾರೆ. ಅಲ್ಲಿ ಹುಡುಗನು ಹಿರಿಯರ ಜತೆಗೇ ಆಡುತ್ತಾನೆ, ಆದರೆ ಆಡುತ್ತಾನೆ. ಬಾಕಿನ ಮೇಲೆ ಕೊಳೆಯುವದಿಲ್ಲ. ನಮ್ಮಲ್ಲಿ ಮನೆತನಗಳ ಬದಲು ಊರುಗಳಿವೆ. ಹರ್ತಿ, ಮುಳಗುಂದ, ಲಕ್ಕುಂಡಿಗಳ ಹುಡುಗರನ್ನೂ ಬೆಟಗೇರಿಯ ಓಣಿಗಳ ಹುಡುಗರನ್ನೂ ಸೇರಿಸಿ ಒಂದು ಕಿರಿಯರ ಲೀಗನ್ನು ಏಕೆ ನಡೆಸಬಾರದು? ಸುಗ್ಗಿ ಮುಗಿದ ಮೇಲೆ ಭಾನುವಾರಕ್ಕೊಂದು ಪಂದ್ಯ ಸಾಕು. ಯಾವ ಹುಡುಗನು ಎಷ್ಟು ನಿಮಿಷ ಆಡಿದನೆಂಬುದನ್ನು ಶಾಲೆಯ ಮಾಸ್ತರರು ಒಂದು ವಹಿಯಲ್ಲಿ ಬರೆದಿಡಲಿ. ಮೇಲಿನ ತಂಡದವರು ಆಯ್ಕೆಗೆ ಬಂದಾಗ ಮೊದಲು ಆ ವಹಿಯನ್ನು ಕೇಳಲಿ. ಹುಡುಗನನ್ನು ಕರೆದೊಯ್ಯುವ ಮೊದಲು, ನಿಮ್ಮಲ್ಲಿ ಇವನು ಎಷ್ಟು ನಿಮಿಷ ಆಡುವನೆಂದು ತಂದೆತಾಯಿಗಳೂ ಅವರನ್ನು ಕೇಳಲಿ.