ಕುಕ್ಕಿಬಳ್ಳಿ: ಹಣ್ಣೂ ಉಂಟು, ವಿಷವೂ ಉಂಟು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಬೇಲಿಗಳಲ್ಲಿ ನಾವು ಕಾಣುವ ಕುಕ್ಕಿಬಳ್ಳಿಯ ತವರು ಅಮೆರಿಕದ ಉಷ್ಣವಲಯ. 1753ರಲ್ಲಿ ಲಿನೇಯಸನು ಇದಕ್ಕೆ ಪ್ಯಾಸಿಫ್ಲೋರ ಫೀಟಿಡ ಎಂದು ಹೆಸರಿಟ್ಟನು. 'ಫೀಟಿಡ' ಎಂದರೆ ದುರ್ಗಂಧವುಳ್ಳದ್ದು. ಎಲೆಯನ್ನು ಹಿಸುಕಿದರೆ ಈ ಹೆಸರಿನ ಔಚಿತ್ಯ ತಿಳಿಯುವುದು. ಹೂವನ್ನೂ ಕಾಯನ್ನೂ ಸುತ್ತಿರುವ ಬಲೆಯಂತಹ ಹಸಿರು ಹೊದಿಕೆಯ ಅಂಟಿಗೆ ಸಣ್ಣ ಕೀಟಗಳು ಸಿಕ್ಕಿ ಸಾಯುವುವು. ಕಾಯಿಗೆ ಇದೊಂದು ರಕ್ಷಣೆ.

ಚೆನ್ನಾಗಿ ಮಾಗಿದ ಹಣ್ಣಿನ ತಿರುಳು ಸಿಹಿ. ಮಕ್ಕಳಿಗೂ ಹಕ್ಕಿಗಳಿಗೂ ಪ್ರಿಯ. ಆದರೆ ಎಲೆಯಲ್ಲಿಯೂ ಹಸಿರು ಕಾಯಿಯಲ್ಲಿಯೂ ಸಯನೈಡನ್ನು ಅಡಗಿಸಿಕೊಂಡಿರುವ ಸಂಯುಕ್ತಗಳುಂಟು. ಅಗಿದಾಗ ಜೀವಕೋಶಗಳು ಒಡೆದು, ಕಿಣ್ವವು ಅವುಗಳೊಡನೆ ಬೆರೆತು, ಹೈಡ್ರೋಜನ್ ಸಯನೈಡೆಂಬ ವಿಷವು ಹೊರಬೀಳುವುದು. ಟಾನಿ ಕೋಸ್ಟರ್ ಚಿಟ್ಟೆಯ ಕಂಬಳಿಹುಳುಗಳಾದರೋ ಈ ಎಲೆಯನ್ನೇ ತಿಂದು ಬೆಳೆಯುವುವು. ನಮಗೆ ಆ ಶಕ್ತಿಯಿಲ್ಲ. ಆದುದರಿಂದ ಪೂರ್ಣ ಮಾಗಿದ ಹಣ್ಣನ್ನಲ್ಲದೆ ಬಳ್ಳಿಯ ಬೇರಾವ ಭಾಗವನ್ನೂ ನಾವು ಬಾಯಿಗೆ ಹಾಕಬಾರದು.