ಕೊನೆಯ ಸಾಲಿಗೆ ಬಿದ್ದ ಸಂಖ್ಯೆ

ನಿಮ್ಮ ಸಹೋದ್ಯೋಗಿಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಏನು ಕೇಳಿದರೂ ಹಿನ್ನೆಲೆಯಿಂದ ಆರಂಭಿಸಿ, ಅಳತೆ, ಅಂಕಿ-ಅಂಶ, ಅಪವಾದಗಳನ್ನೆಲ್ಲ ವಿವರಿಸಿ, ಕಟ್ಟಕಡೆಗೆ ತೀರ್ಮಾನಕ್ಕೆ ಬರುತ್ತಾರೆ. ಇದನ್ನು ವಿಶ್ಲೇಷಣಾತ್ಮಕ ಸಂವಹನ ಶೈಲಿ ಎನ್ನಬಹುದು. ವಿಜ್ಞಾನ ಓದಿದವರಲ್ಲಿ ಇದು ಸಹಜ. ಉದ್ದೇಶ, ವಿಧಾನ, ವೀಕ್ಷಣೆ, ಲೆಕ್ಕ, ಕೊನೆಗೆ ಫಲಿತಾಂಶ ಎಂಬ ಕ್ರಮವನ್ನು ಪ್ರಯೋಗಶಾಲೆಯಲ್ಲಿ ಕಲಿಸುವವರು ನಾವೇ ಅಲ್ಲವೇ? ಸತ್ಯವನ್ನು ಹುಡುಕಲು ಅದು ಒಳ್ಳೆಯ ಕ್ರಮ. ಬೇಗ ನಿರ್ಧಾರ ಕೈಗೊಳ್ಳಬೇಕಾದವರ ಮುಂದೆಯೂ ಅದೇ ಕ್ರಮದಲ್ಲಿ ಮಾತನಾಡಿದರೆ ಏನಾಗಬಹುದು ಎಂಬುದಕ್ಕೆ ಕೊಲಂಬಿಯಾ ದುರಂತದಲ್ಲಿ ಒಂದು ಸ್ಪಷ್ಟ ಉದಾಹರಣೆ ಇದೆ.

2003ರ ಜನವರಿ 16ರಂದು ಬಾಹ್ಯಾಕಾಶ ನೌಕೆ ಕೊಲಂಬಿಯಾ ಮೇಲೇರಿತು. ಭಾರತದಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿ ಅದರಲ್ಲಿ ಏಳು ಮಂದಿ ಇದ್ದರು. ಉಡಾವಣೆಯಾದ ಸುಮಾರು 82 ಸೆಕೆಂಡಿಗೆ ಇಂಧನ ಟ್ಯಾಂಕಿನ ಹೊರಹೊದಿಕೆಯ ಫೋಮ್ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ಇದು ಮರುದಿನ ಕ್ಯಾಮೆರಾ ಚಿತ್ರಗಳಲ್ಲಿ ಕಂಡುಬಂತು. ಹಾನಿ ಎಷ್ಟು ಎಂದು ಲೆಕ್ಕ ಹಾಕಲು ಎಂಜಿನಿಯರುಗಳ ತಂಡವೊಂದು ಕುಳಿತು, ಜನವರಿ 24ರಂದು ತನ್ನ ವಿಶ್ಲೇಷಣೆಯನ್ನು ಸ್ಲೈಡುಗಳ ಮೂಲಕ ಮುಂದಿಟ್ಟಿತು.

ಅವುಗಳಲ್ಲಿ ಒಂದು ಸ್ಲೈಡನ್ನು ಅಪಘಾತ ತನಿಖಾ ಮಂಡಳಿ ತನ್ನ ವರದಿಯಲ್ಲೇ ಮುದ್ರಿಸಿ ಟೀಕಿಸಿದೆ. ಅದರ ಶೀರ್ಷಿಕೆ ಓದಿದರೆ, ಲೆಕ್ಕವು ನಿಜವಾದ ಹಾನಿಗಿಂತ ಹೆಚ್ಚನ್ನೇ ತೋರಿಸುತ್ತದೆ, ಆದ್ದರಿಂದ ಚಿಂತೆಯಿಲ್ಲ ಎಂಬ ಭಾವ ಬರುತ್ತಿತ್ತು. ಕೆಳಗೆ ಹಂತಹಂತವಾಗಿ ಒಳಸರಿಯುವ, ಹೋದಂತೆಲ್ಲ ಅಕ್ಷರ ಕಿರಿದಾಗುವ ಸಾಲುಗಳು. ಕಟ್ಟಕಡೆಯ ಸಾಲಿನಲ್ಲಿ ಎರಡು ಸಂಖ್ಯೆಗಳು: ಫೋಮ್ ತುಂಡಿನ ಗಾತ್ರ 1920 ಘನ ಅಂಗುಲ, ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ ತುಂಡಿನದು 3 ಘನ ಅಂಗುಲ.

ಭಾಗಿಸಿ ನೋಡಿ. 640 ಪಟ್ಟು! ಮೊದಲನೆಯದು ಸುಮಾರು 31 ಲೀಟರ್, ಅಂದರೆ ನೀರಿನ ದೊಡ್ಡ ಕ್ಯಾನಿಗಿಂತಲೂ ಹೆಚ್ಚು. ಎರಡನೆಯದು 50 ಮಿಲಿಲೀಟರ್ ಕೂಡ ಇಲ್ಲ. ನಿಮ್ಮ ಪ್ರಯೋಗಶಾಲೆಯ ಸ್ಪ್ರಿಂಗ್‌ಗೆ 50 ಗ್ರಾಂ ತೂಗಿಸಿ ಪಡೆದ ಲೆಕ್ಕವನ್ನು ಹಿಡಿದು, 32 ಕಿಲೋಗ್ರಾಂ ತೂಗಿಸಿದರೆ ಏನಾಗುತ್ತದೆಂದು ಹೇಳಿದಂತೆ. ಇಷ್ಟು ದೊಡ್ಡ ಅಂತರವನ್ನು ಸೂಚಿಸಲು ಸ್ಲೈಡಿನಲ್ಲಿ ಬಳಸಿದ್ದು 'ಗಣನೀಯವಾಗಿ' ಎಂಬ ಅರ್ಥದ ಪದ. ಅದೊಂದೇ ಸ್ಲೈಡಿನಲ್ಲಿ ಆ ಪದ ಬೇರೆ ಬೇರೆ ಅರ್ಥಗಳಲ್ಲಿ ಐದು ಸಲ ಬಂದಿದೆ. ಎಂಜಿನಿಯರುಗಳು ಏನನ್ನೂ ಮುಚ್ಚಿಡಲಿಲ್ಲ ಎಂಬುದನ್ನು ಗಮನಿಸಿ. ಅನಿಶ್ಚಿತತೆ ಅಲ್ಲೇ ಇತ್ತು, ಆದರೆ ಮೊದಲ ಸಾಲನ್ನಷ್ಟೇ ಮನಸ್ಸಿಗೆ ತೆಗೆದುಕೊಳ್ಳುವ ಓದುಗನಿಗೆ ಅದು ತಲುಪುವಂತಿರಲಿಲ್ಲ. ವಿಷಯ ಮೇಲಧಿಕಾರಿಗಳ ಸಭೆಗೆ ಹೋಗುವಷ್ಟರಲ್ಲಿ ಬಾಯಿಮಾತಿನ ಸಾರಾಂಶವಾಗಿತ್ತು.

ತಪ್ಪು ಹೇಳಿದವರದ್ದು ಮಾತ್ರವೇ? ನನಗೆ ಹಾಗನ್ನಿಸುವುದಿಲ್ಲ. ಕಕ್ಷೆಯಲ್ಲಿರುವ ನೌಕೆಯ ರೆಕ್ಕೆಯ ಚಿತ್ರ ಬೇಕೆಂದು ಮೂರು ಬಾರಿ ಬೇಡಿಕೆ ಹೋಗಿತ್ತು; ಚಿತ್ರ ಮಾತ್ರ ಬರಲಿಲ್ಲ. ಅಪಾಯವಿದೆ ಎಂದು ಮೊದಲು ಸಾಬೀತುಪಡಿಸಿ ಎಂಬ ಧೋರಣೆ ಅಧಿಕಾರಿಗಳದಾಗಿತ್ತು. ಸಾಬೀತುಪಡಿಸಲು ಬೇಕಾದದ್ದೇ ಆ ಚಿತ್ರ! ಒಬ್ಬ ಎಂಜಿನಿಯರ್ ಕಟುವಾದ ಇ-ಮೇಲ್ ಬರೆದೂ ಕಳುಹಿಸದೆ ಉಳಿದರು. ಅಂಕಿಗಳಲ್ಲಿ ಮಾತನಾಡುವ ಜನ, ಅಂಕಿ ಕೈಯಲ್ಲಿ ಇಲ್ಲದಾಗ ಸುಮ್ಮನಾಗುತ್ತಾರೆ. ಕೇಳುವವರು ಆ ಮೌನವನ್ನು ಒಪ್ಪಿಗೆಯೆಂದು ತಿಳಿದುಬಿಡುತ್ತಾರೆ. 'ನಿಮ್ಮ ಪರೀಕ್ಷೆಯ ವ್ಯಾಪ್ತಿಯೊಳಗೆ ಇದು ಬರುತ್ತದೆಯೇ?' ಎಂದು ಯಾರಾದರೂ ಕೇಳಿದ್ದರೆ 640 ಎಂಬ ಸಂಖ್ಯೆ ತಾನಾಗಿ ಹೊರಬರುತ್ತಿತ್ತು.

ಹಾಗಾದರೆ ವಿಶ್ಲೇಷಕರು ಅಂಕಿಗಳನ್ನು ಬಿಟ್ಟು ಆವೇಶದಿಂದ ಮಾತನಾಡಬೇಕೇ? ಖಂಡಿತ ಬೇಡ. ಕ್ರಮವನ್ನು ತಿರುಗಿಸಿದರೆ ಸಾಕು. ಅದೇ ಸ್ಲೈಡನ್ನು ಹೀಗೆ ಬರೆಯಬಹುದಿತ್ತು: 'ರೆಕ್ಕೆ ಸುರಕ್ಷಿತವೇ ಎಂದು ನಾವು ಹೇಳಲಾರೆವು. ಬಡಿದ ತುಂಡು ನಾವು ಪರೀಕ್ಷಿಸಿದ್ದಕ್ಕಿಂತ 640 ಪಟ್ಟು ದೊಡ್ಡದು. ಚಿತ್ರ ತೆಗೆಸಿಕೊಡಿ.' ತೀರ್ಮಾನ ಮೊದಲು, ಅದನ್ನು ಅಲುಗಾಡಿಸಬಲ್ಲ ಸಂಖ್ಯೆ ಅದರ ಪಕ್ಕದಲ್ಲೇ, ಕೇಳುವವರು ಮಾಡಬೇಕಾದ ಕೆಲಸ ಮೂರನೆಯದು. ವಿಧಾನ, ಕೋಷ್ಟಕ, ನಕ್ಷೆಗಳು ಆಮೇಲೆ ಬರಲಿ, ಪೂರ್ತಿಯಾಗಿಯೇ ಬರಲಿ. 'ಗಣನೀಯ', 'ಸಾಕಷ್ಟು' ಎಂಬ ಪದಗಳು ಕಂಡಲ್ಲೆಲ್ಲ ಸಂಖ್ಯೆಯನ್ನೇ ಇಡಿ. ಮುಂದಿನ ಬಾರಿ ವಿದ್ಯಾರ್ಥಿಗಳು ಪ್ರಯೋಗದ ವರದಿ ಬರೆದಾಗ, ಅದೇ ವರದಿಯನ್ನು ಮುಖ್ಯೋಪಾಧ್ಯಾಯರಿಗೆ ಮೂರು ವಾಕ್ಯಗಳಲ್ಲಿ ಬರೆಯಲು ಹೇಳಿ ನೋಡಿ. ಎಷ್ಟು ಕಷ್ಟವೆಂಬುದು ಅವರಿಗೇ ತಿಳಿಯುತ್ತದೆ.

2003ರ ಫೆಬ್ರವರಿ 1ರಂದು, ಭೂಮಿಗೆ ಮರಳುವಾಗ, ಕೊಲಂಬಿಯಾ ಛಿದ್ರವಾಗಿ ಏಳು ಮಂದಿಯೂ ಮಡಿದರು. ಅದೇ ವರ್ಷದ ಜುಲೈ 7ರಂದು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಸುಮಾರು 750 ಗ್ರಾಂ ತೂಕದ ಫೋಮ್ ತುಂಡನ್ನು ಗಂಟೆಗೆ 850 ಕಿಲೋಮೀಟರ್ ವೇಗದಲ್ಲಿ ರೆಕ್ಕೆಯ ಮುಂಚೂಣಿಯ ಫಲಕಕ್ಕೆ ಹೊಡೆದು ಪರೀಕ್ಷಿಸಿದರು. ಫಲಕದಲ್ಲಿ ಸುಮಾರು 40 ಸೆಂಟಿಮೀಟರ್ ಅಗಲದ ತೂತು ಬಿತ್ತು. ಅದನ್ನು ವಿವರಿಸಲು ಯಾವ ಸ್ಲೈಡೂ ಬೇಕಾಗಲಿಲ್ಲ.