ಎರಡು ಶಾಲೆ, ಒಂದು ತಂಡ: ಐರ್ಲೆಂಡಿನ ಶಾಲಾ ಹರ್ಲಿಂಗ್ ಮತ್ತು 2013ರ ಒಂದು ಗೆಲುವು

ಐರ್ಲೆಂಡಿನ ದಕ್ಷಿಣ ಕರಾವಳಿಯ ವಾಟರ್‌ಫರ್ಡ್ ಕೌಂಟಿಯಲ್ಲಿ ಡಂಗಾರ್ವನ್ ಎಂಬ ಬಂದರು ಪಟ್ಟಣವಿದೆ. ಜನಸಂಖ್ಯೆ ಸುಮಾರು ಹತ್ತು ಸಾವಿರ. ಕಾಲಿಗನ್ ನದಿ ಈ ಊರನ್ನು ಎರಡು ಭಾಗವಾಗಿಸಿದೆ. ಒಂದು ದಡದವರದು ಡಂಗಾರ್ವನ್ ಕ್ಲಬ್, ಎದುರು ದಡದವರದು ಅಬಿಸೈಡ್ ಕ್ಲಬ್. ಹರ್ಲಿಂಗ್ ಮೈದಾನದಲ್ಲಿ ಇವೆರಡೂ ನೆರೆಹೊರೆಯ ಎದುರಾಳಿಗಳು. ಹುಡುಗರು ಓದುವ ಪ್ರೌಢಶಾಲೆಗಳೂ ಎರಡು: ಸೇಂಟ್ ಆಗಸ್ಟಿನ್ಸ್ ಕಾಲೇಜು ಮತ್ತು ಕ್ರಿಶ್ಚಿಯನ್ ಬ್ರದರ್ಸ್ ಶಾಲೆ. 2012-13ರ ಋತುವಿನಲ್ಲಿ ಈ ಎರಡೂ ಶಾಲೆಗಳ ಹುಡುಗರು ಒಂದೇ ಅಂಗಿ ತೊಟ್ಟು, ‘ಡಂಗಾರ್ವನ್ ಕಾಲೇಜಸ್’ ಎಂಬ ಹೆಸರಿನಲ್ಲಿ ಕಣಕ್ಕಿಳಿದರು. 2013ರಲ್ಲಿ ಪ್ರಾಂತ್ಯದ ಪ್ರಶಸ್ತಿಯನ್ನೂ, ಅದರ ಬೆನ್ನಿಗೇ ಅಖಿಲ ಐರ್ಲೆಂಡ್ ಶಾಲಾ ಪ್ರಶಸ್ತಿಯನ್ನೂ ಗೆದ್ದರು.

ಒಂದು ಸಣ್ಣ ಊರಿನ ಈ ಸಾಧನೆಯ ಹಿಂದೆ ಐರ್ಲೆಂಡಿನ ಶಾಲಾ ಕ್ರೀಡೆಯನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆಯೊಂದಿದೆ. ಶಾಲಾ ಪ್ರಶಸ್ತಿ ಸಲ್ಲಬೇಕಾದದ್ದು ದೊಡ್ಡ ಶಾಲೆಗಳಿಗೆ ಮಾತ್ರವೇ? ಸಣ್ಣ ಶಾಲೆಯ ಪ್ರತಿಭಾವಂತ ಹುಡುಗನಿಗೆ ಅಲ್ಲಿಗೆ ತಲುಪುವ ದಾರಿ ಯಾವುದು?

ಹರ್ಲಿಂಗ್ ಎಂದರೇನು?

ಹಾಕಿ ಬಲ್ಲವರಿಗೆ ಹರ್ಲಿಂಗ್ ಮೊದಲ ನೋಟಕ್ಕೆ ಪರಿಚಿತವೆನಿಸಿದರೂ ಎರಡೇ ನಿಮಿಷದಲ್ಲಿ ಆ ಭಾವನೆ ಕರಗುತ್ತದೆ. ಹಾಕಿಯ ಚೆಂಡು ಬಹುಪಾಲು ನೆಲದ ಮೇಲೆ ಉರುಳುತ್ತದೆ. ಹರ್ಲಿಂಗ್‌ನ ಚೆಂಡು ಬಹುಪಾಲು ಗಾಳಿಯಲ್ಲಿರುತ್ತದೆ. ತಂಡಕ್ಕೆ 15 ಆಟಗಾರರು. ಆಶ್ ಮರದಿಂದ ಮಾಡಿದ, ತುದಿಯಲ್ಲಿ ಚಪ್ಪಟೆಯಾಗಿ ಅಗಲಗೊಂಡ ದಾಂಡಿಗೆ ಹರ್ಲಿ ಎಂದು ಹೆಸರು. ಚರ್ಮದ ಹೊದಿಕೆಯ, 110ರಿಂದ 120 ಗ್ರಾಂ ತೂಕದ ಚೆಂಡನ್ನು ಸ್ಲಿಟರ್ ಎನ್ನುತ್ತಾರೆ. ಮೈದಾನದ ಉದ್ದ 130ರಿಂದ 145 ಮೀಟರ್, ಅಗಲ 80ರಿಂದ 90 ಮೀಟರ್. ಅಂದರೆ ಫುಟ್‌ಬಾಲ್ ಮೈದಾನಕ್ಕಿಂತ ಸಾಕಷ್ಟು ದೊಡ್ಡದು.

ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಆದರೆ ಹಿಡಿದುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ. ನೆಲದ ಮೇಲಿರುವ ಚೆಂಡನ್ನು ನೇರವಾಗಿ ಕೈಯಿಂದ ಎತ್ತುವಂತಿಲ್ಲ, ದಾಂಡಿನಿಂದಲೇ ಚಿಮ್ಮಿಸಿಕೊಳ್ಳಬೇಕು. ದಾಂಡಿನ ತುದಿಯಲ್ಲಿ ಚೆಂಡನ್ನು ಸಮತೋಲನದಲ್ಲಿಟ್ಟುಕೊಂಡು ಎಷ್ಟು ದೂರ ಬೇಕಾದರೂ ಓಡಬಹುದು. ಗೋಲುಕಂಬಗಳು ಇಂಗ್ಲಿಷಿನ ‘ಎಚ್’ ಅಕ್ಷರದ ಆಕಾರದಲ್ಲಿರುತ್ತವೆ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೋದ ಚೆಂಡಿಗೆ ಒಂದು ಗೋಲು, ಅದರ ಬೆಲೆ ಮೂರು ಅಂಕ. ಅಡ್ಡಪಟ್ಟಿಯ ಮೇಲಿಂದ ಕಂಬಗಳ ನಡುವೆ ಹಾದರೆ ಒಂದು ಅಂಕ. ಆದ್ದರಿಂದಲೇ ಫಲಿತಾಂಶವನ್ನು 1-21 ಎಂಬಂತೆ ಬರೆಯುತ್ತಾರೆ: ಒಂದು ಗೋಲು, 21 ಅಂಕ, ಒಟ್ಟು 24.

ಈ ಆಟದ ಆಡಳಿತ ನಡೆಸುವುದು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. 1884ರ ನವೆಂಬರ್ 1ರಂದು ಟಿಪ್ಪರರಿ ಕೌಂಟಿಯ ಥರ್ಲ್ಸ್ ಪಟ್ಟಣದ ಹೋಟೆಲೊಂದರಲ್ಲಿ ಸ್ಥಾಪನೆಯಾದ ಸಂಸ್ಥೆಯಿದು. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಅಳಿಯುತ್ತಿದ್ದ ದೇಶೀ ಆಟಗಳನ್ನು ಉಳಿಸುವುದು ಅದರ ಉದ್ದೇಶವಾಗಿತ್ತು. 2018ರಲ್ಲಿ ಯುನೆಸ್ಕೋ ಹರ್ಲಿಂಗ್ ಆಟವನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಇದು ಹವ್ಯಾಸಿಗಳ ಆಟ. 82 ಸಾವಿರ ಪ್ರೇಕ್ಷಕರು ಸೇರುವ ಡಬ್ಲಿನ್ನಿನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಫೈನಲ್ ಆಡುವವನಿಗೂ ಆಟಕ್ಕಾಗಿ ಸಂಬಳವಿಲ್ಲ. ಆಟಗಾರನನ್ನು ಹಣ ಕೊಟ್ಟು ಕೊಳ್ಳುವ ಪದ್ಧತಿಯೂ ಇಲ್ಲ. ಹುಟ್ಟಿದ ಊರಿನ ಕ್ಲಬ್, ಓದಿದ ಶಾಲೆ, ಸ್ವಂತ ಕೌಂಟಿ ಈ ಮೂರೇ ಅವನನ್ನು ರೂಪಿಸುವ ಮೂಸೆಗಳು. ಶಾಲಾ ಪಂದ್ಯಾವಳಿಗೆ ಅಲ್ಲಿ ದೊರೆಯುವ ಮಹತ್ವದ ಗುಟ್ಟು ಇದೇ.

ಇಬ್ಬರು ಆರ್ಚ್‌ಬಿಷಪ್‌ಗಳ ಹೆಸರಿನ ಕಪ್‌ಗಳು

ಐರ್ಲೆಂಡಿನಲ್ಲಿ ‘ಕಾಲೇಜು’ ಎಂದರೆ ಅನೇಕ ವೇಳೆ ಪ್ರೌಢಶಾಲೆಯೇ. ಹನ್ನೆರಡು-ಹದಿಮೂರರ ವಯಸ್ಸಿನಲ್ಲಿ ಸೇರಿದ ವಿದ್ಯಾರ್ಥಿ ಹದಿನೆಂಟರ ಸುಮಾರಿಗೆ ಅಲ್ಲಿಂದ ಹೊರಬೀಳುತ್ತಾನೆ. ಶಾಲಾ ಹರ್ಲಿಂಗ್‌ನ ಹಿರಿಯರ ವಿಭಾಗವನ್ನು ಕಾಲೇಜುಗಳ ಚಾಂಪಿಯನ್‌ಷಿಪ್ ಎಂದು ಕರೆಯುವುದು ಈ ಅರ್ಥದಲ್ಲಿ.

ಮೊದಲ ಹಂತದ ಪೈಪೋಟಿ ಪ್ರಾಂತ್ಯಗಳ ಮಟ್ಟದಲ್ಲಿ ನಡೆಯುತ್ತದೆ. ಮನ್‌ಸ್ಟರ್ ಪ್ರಾಂತ್ಯದ ಹಾರ್ಟಿ ಕಪ್ ಇವುಗಳಲ್ಲಿ ಅತ್ಯಂತ ಪ್ರತಿಷ್ಠಿತ. 1918ರಲ್ಲಿ ಆರಂಭವಾದ ಈ ಕಪ್‌ಗೆ ಕ್ಯಾಷಲ್‌ನ ಆರ್ಚ್‌ಬಿಷಪ್ ಆಗಿದ್ದ ಡಾ. ಜಾನ್ ಹಾರ್ಟಿ ಅವರ ಹೆಸರಿಡಲಾಗಿದೆ. ಎನಿಸ್ ಪಟ್ಟಣದ ಸೇಂಟ್ ಫ್ಲ್ಯಾನನ್ಸ್ ಕಾಲೇಜು ಇದನ್ನು ಅತಿ ಹೆಚ್ಚು ಬಾರಿ ಗೆದ್ದಿದೆ. ಲೆನ್‌ಸ್ಟರ್ ಮತ್ತು ಕೊನಾಕ್ಟ್ ಪ್ರಾಂತ್ಯಗಳಿಗೂ ತಮ್ಮದೇ ಪಂದ್ಯಾವಳಿಗಳಿವೆ. ಪ್ರಾಂತ್ಯಗಳಲ್ಲಿ ಮುಂದೆ ಬಂದ ತಂಡಗಳು ಅಖಿಲ ಐರ್ಲೆಂಡ್ ಪ್ರಶಸ್ತಿಯಾದ ಕ್ರೋಕ್ ಕಪ್‌ಗಾಗಿ ಸೆಣಸುತ್ತವೆ. ಅದು ಆರಂಭವಾದದ್ದು 1944ರಲ್ಲಿ.

ಡಾ. ಥಾಮಸ್ ಕ್ರೋಕ್ ಕೂಡ ಕ್ಯಾಷಲ್‌ನ ಆರ್ಚ್‌ಬಿಷಪ್ಪರೇ. ಅದಕ್ಕೂ ಮುನ್ನ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಬಿಷಪ್ ಆಗಿದ್ದವರು. 1884ರ ಡಿಸೆಂಬರಿನಲ್ಲಿ ಹೊಸ ಕ್ರೀಡಾ ಸಂಸ್ಥೆಯ ಪೋಷಕರಾಗಲು ಒಪ್ಪಿ ಅವರು ಬರೆದ ಪತ್ರ ಪ್ರಸಿದ್ಧವಾಗಿದೆ. ಐರಿಷ್ ಜನ ತಮ್ಮ ಆಟಗಳನ್ನು ಮರೆತು ಪರರ ಆಟಗಳಿಗೆ ಮಾರುಹೋಗುತ್ತಿರುವುದನ್ನು ಕಂಡು ಅವರು ಅದರಲ್ಲಿ ವ್ಯಥೆಪಟ್ಟಿದ್ದರು. ಕ್ರೋಕ್ ಪಾರ್ಕ್‌ಗೂ ಅವರದೇ ಹೆಸರು.

ಕಿಲ್ಕೆನಿಯ ಪ್ರಾಬಲ್ಯ

ಕ್ರೋಕ್ ಕಪ್‌ನ ಇತಿಹಾಸವೆಂದರೆ ಬಹುಮಟ್ಟಿಗೆ ಕಿಲ್ಕೆನಿ ನಗರದ ಸೇಂಟ್ ಕೀರನ್ಸ್ ಕಾಲೇಜಿನ ಇತಿಹಾಸ. 1782ರಲ್ಲಿ ಸ್ಥಾಪನೆಯಾದ ಈ ಶಾಲೆ ಕಪ್ಪನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ಗೆದ್ದಿದೆ. ಬೇರಾವ ಶಾಲೆಯೂ ಅದರ ಸಮೀಪಕ್ಕೆ ಬಂದಿಲ್ಲ. 2014, 2015 ಮತ್ತು 2016ರಲ್ಲಿ ಸತತ ಮೂರು ಬಾರಿ ಪ್ರಶಸ್ತಿ ಅಲ್ಲಿಗೇ ಹೋಯಿತು. ಎಡ್ಡಿ ಕೆಹರ್, ಡಿ. ಜೆ. ಕ್ಯಾರಿ, ಹೆನ್ರಿ ಶೆಫ್ಲಿನ್ ಮೊದಲಾದ ಮಹಾನ್ ಆಟಗಾರರು ಇಲ್ಲಿನ ವಿದ್ಯಾರ್ಥಿಗಳು. ಕಿಲ್ಕೆನಿ ಕೌಂಟಿ ತಂಡದ ತರಬೇತುದಾರರಾಗಿ 11 ಅಖಿಲ ಐರ್ಲೆಂಡ್ ಪ್ರಶಸ್ತಿಗಳನ್ನು ಗೆಲ್ಲಿಸಿಕೊಟ್ಟ ಬ್ರಯನ್ ಕೋಡಿ ಅವರೂ ಇಲ್ಲಿಯೇ ಓದಿದವರು. ವೃತ್ತಿಯಿಂದ ಅವರು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು.

ಇದಕ್ಕೆ ಕಾರಣಗಳು ಸ್ಪಷ್ಟ. ಇಂತಹ ಹಳೆಯ ಕಾಲೇಜುಗಳಲ್ಲಿ ಹಿಂದೆ ವಸತಿ ವ್ಯವಸ್ಥೆಯಿತ್ತು. ಸುತ್ತಲಿನ ಹತ್ತಾರು ಹಳ್ಳಿಗಳ ಹುಡುಗರು ಒಂದೇ ಸೂರಿನಡಿ ಬೆಳೆದು, ಸಂಜೆಯಾದರೆ ಮೈದಾನಕ್ಕಿಳಿಯುತ್ತಿದ್ದರು. ವಸತಿ ನಿಂತರೂ ಪರಂಪರೆ ಉಳಿಯಿತು. ಆಟ ಬಲ್ಲ ಶಿಕ್ಷಕರು ಉಳಿದರು. ಗೆಲ್ಲುವ ಶಾಲೆಗೆ ಮಗನನ್ನು ಸೇರಿಸಬೇಕೆಂಬ ಪೋಷಕರ ಆಸೆಯೂ ಉಳಿಯಿತು.

ಇದರ ಪರಿಣಾಮ ಶಾಲೆಗಳಾಚೆಗೂ ಕಾಣುತ್ತದೆ. ಹಿರಿಯರ ಅಖಿಲ ಐರ್ಲೆಂಡ್ ಹರ್ಲಿಂಗ್ ಪ್ರಶಸ್ತಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಕಿಲ್ಕೆನಿ, ಕಾರ್ಕ್ ಮತ್ತು ಟಿಪ್ಪರರಿ ಎಂಬ ಮೂರೇ ಕೌಂಟಿಗಳು ಹಂಚಿಕೊಂಡಿವೆ. ವಾಟರ್‌ಫರ್ಡ್ ಗೆದ್ದದ್ದು ಎರಡೇ ಬಾರಿ, 1948 ಮತ್ತು 1959ರಲ್ಲಿ.

ಡಂಗಾರ್ವನ್ನಿನ ಉತ್ತರ

ಇಂತಹ ಬಲಿಷ್ಠರ ಎದುರು ಸಣ್ಣ ಶಾಲೆಗೆ ಉಳಿಯುವ ದಾರಿಗಳು ಎರಡು. ಒಂದು, ಬಿ ಅಥವಾ ಸಿ ದರ್ಜೆಯ ಪಂದ್ಯಾವಳಿಯಲ್ಲಿ ತೃಪ್ತಿಪಡುವುದು. ಇನ್ನೊಂದು, ನೆರೆಯ ಶಾಲೆಯೊಡನೆ ಕೂಡಿಕೊಂಡು ಜಂಟಿ ತಂಡ ಕಟ್ಟುವುದು. ಡಂಗಾರ್ವನ್ ಎರಡನೆಯದನ್ನು ಆರಿಸಿಕೊಂಡಿತು.

ವಾಟರ್‌ಫರ್ಡ್ ಕೌಂಟಿಗೆ ಶಾಲಾ ಗೆಲುವು ಅಪರಿಚಿತವೇನಲ್ಲ. 2007 ಮತ್ತು 2008ರಲ್ಲಿ ವಾಟರ್‌ಫರ್ಡ್ ನಗರದ ಡಿ ಲಾ ಸಾಲ್ ಕಾಲೇಜು ಹಾರ್ಟಿ ಮತ್ತು ಕ್ರೋಕ್ ಕಪ್‌ಗಳೆರಡನ್ನೂ ಸತತವಾಗಿ ಗೆದ್ದಿತ್ತು. ಆದರೆ ಅದು ನಗರದ ಶಾಲೆ. ಕೌಂಟಿಯ ಪಶ್ಚಿಮ ಭಾಗದ ಒಂದು ಪಟ್ಟಣ, ಎರಡು ಶಾಲೆಗಳ ಹುಡುಗರನ್ನು ಒಟ್ಟುಗೂಡಿಸಿ ಅದೇ ಎತ್ತರ ಮುಟ್ಟಿದ್ದು ಹೊಸ ಸಂಗತಿ. ಕ್ರೋಕ್ ಕಪ್ ಫೈನಲ್‌ನಲ್ಲಿ ಡಂಗಾರ್ವನ್ ಮಣಿಸಿದ್ದು ಕಿಲ್ಕೆನಿಯದೇ ಇನ್ನೊಂದು ಶಾಲೆಯಾದ ಕ್ರಿಶ್ಚಿಯನ್ ಬ್ರದರ್ಸ್ ಶಾಲೆಯ ತಂಡವನ್ನು.

ಫಲ ಅಲ್ಲಿಗೇ ನಿಲ್ಲಲಿಲ್ಲ. ಅದೇ 2013ರ ಸೆಪ್ಟೆಂಬರಿನಲ್ಲಿ ವಾಟರ್‌ಫರ್ಡ್‌ನ ಕಿರಿಯರ ತಂಡ ಕ್ರೋಕ್ ಪಾರ್ಕ್‌ನಲ್ಲಿ ಗಾಲ್ವೇ ತಂಡವನ್ನು 1-21, 0-16ರಿಂದ ಸೋಲಿಸಿ 18 ವರ್ಷದೊಳಗಿನವರ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದಿತು. ಆ ಕೌಂಟಿಗೆ ಈ ಪ್ರಶಸ್ತಿ 1948ರ ನಂತರ ದೊರೆತದ್ದು ಅದೇ ಮೊದಲು. ಡಂಗಾರ್ವನ್ ಕಾಲೇಜಸ್ ಪರ ಆಡಿದ್ದ ಪ್ಯಾಟ್ರಿಕ್ ಕರನ್ ಈ ತಂಡದಲ್ಲೂ ಇದ್ದರು. 2016ರಲ್ಲಿ 21 ವರ್ಷದೊಳಗಿನವರ ಫೈನಲ್‌ನಲ್ಲಿ ವಾಟರ್‌ಫರ್ಡ್ ಮತ್ತೆ ಗಾಲ್ವೇಯನ್ನೇ 5-15, 0-14ರಿಂದ ಮಣಿಸಿತು. 2017ರಲ್ಲಿ ಹಿರಿಯರ ತಂಡ ಫೈನಲ್ ತಲುಪಿತಾದರೂ ಗಾಲ್ವೇಗೆ 0-26, 2-17ರಿಂದ, ಅಂದರೆ ಮೂರೇ ಅಂಕಗಳಿಂದ ಸೋತಿತು. ಶಾಲಾ ಗೆಲುವೊಂದೇ ಇದಕ್ಕೆಲ್ಲ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ಕ್ಲಬ್‌ಗಳ ದುಡಿಮೆಯೂ ಕೌಂಟಿಯ ತರಬೇತಿಯೂ ಅದರಲ್ಲಿ ಸೇರಿವೆ. ಆದರೆ ಕ್ಲಬ್ ಪಂದ್ಯಗಳಲ್ಲಿ ಪರಸ್ಪರ ಸೆಣಸುವ ಹುಡುಗರು ಹದಿಹರೆಯದಲ್ಲೇ ಒಟ್ಟಿಗೆ ಆಡಿ, ಗೆದ್ದು ಕಲಿಯುವ ಸ್ಥಳ ಶಾಲೆಯಲ್ಲದೆ ಬೇರೆ ಇಲ್ಲ.

ಜಂಟಿ ತಂಡ: ಪರ, ವಿರೋಧ

ಜಂಟಿ ತಂಡಗಳ ಬಗ್ಗೆ ಆಕ್ಷೇಪಗಳೂ ಇವೆ. ಇಡೀ ಪಟ್ಟಣದಿಂದ ಆಯ್ದ ತಂಡದ ವಿರುದ್ಧ ಒಂದೇ ಶಾಲೆಯ ತಂಡ ಆಡುವುದು ನ್ಯಾಯವೇ ಎಂಬುದು ಮೊದಲ ಪ್ರಶ್ನೆ. ಅಲ್ಲದೆ ಎರಡು ಶಾಲೆಗಳಿಗೆ 30 ಹುಡುಗರು ಆಡುವ ಬದಲು 15 ಮಂದಿಗಷ್ಟೇ ಅವಕಾಶ ದೊರೆಯುತ್ತದೆ. ಶಾಲೆಯ ಹೆಸರಿಗಾಗಿ ಆಡುವ ಅಭಿಮಾನವೂ ತೆಳುವಾಗುತ್ತದೆ ಎನ್ನುವವರಿದ್ದಾರೆ.

ಸಮರ್ಥಕರ ವಾದವೂ ಹಗುರವಾದುದಲ್ಲ. ನಗರದ ದೊಡ್ಡ ಶಾಲೆಯೊಂದು ಹತ್ತಾರು ಕ್ಲಬ್‌ಗಳ ಹುಡುಗರನ್ನು ಸೆಳೆದುಕೊಳ್ಳುವಾಗ ಅದೂ ಒಂದು ಬಗೆಯ ಜಂಟಿ ತಂಡವೇ ಅಲ್ಲವೇ ಎಂದು ಅವರು ಕೇಳುತ್ತಾರೆ. ಜಂಟಿ ತಂಡಕ್ಕೆ ಅವಕಾಶವಿಲ್ಲದಿದ್ದರೆ ಒಳ್ಳೆಯ ಆಟಗಾರನೊಬ್ಬ ಊರಿನ ಶಾಲೆ ಬಿಟ್ಟು ದೂರದ ಪ್ರಸಿದ್ಧ ಶಾಲೆಗೆ ಹೋಗಬೇಕಾಗುತ್ತದೆ. ಹಾಗಾದಾಗ ಬಡವಾಗುವುದು ಊರು.

ಪರೀಕ್ಷೆ ಮತ್ತು ಪಂದ್ಯ

ಋತುವಿನ ವೇಳಾಪಟ್ಟಿಯನ್ನು ನೋಡಿದರೆ ಹುಡುಗರ ಮೇಲಿನ ಹೊರೆ ಅರ್ಥವಾಗುತ್ತದೆ. ಶರತ್ಕಾಲದಲ್ಲಿ ಪಂದ್ಯಗಳು ಆರಂಭವಾಗುತ್ತವೆ. ಚಳಿಗಾಲದ ಮಳೆಗೆ ಕೆಸರಾದ ಮೈದಾನಗಳಲ್ಲಿ ಮುಂದುವರಿಯುತ್ತವೆ. ಹಾರ್ಟಿ ಕಪ್ ಫೈನಲ್ ಸಾಮಾನ್ಯವಾಗಿ ಫೆಬ್ರವರಿಯಲ್ಲಿ, ಕ್ರೋಕ್ ಕಪ್ ಫೈನಲ್ ವಸಂತದಲ್ಲಿ. ಜೂನ್‌ನಲ್ಲಿ ಲೀವಿಂಗ್ ಸರ್ಟಿಫಿಕೇಟ್ ಪರೀಕ್ಷೆ. ವಿಶ್ವವಿದ್ಯಾಲಯದ ಪ್ರವೇಶವನ್ನು ನಿರ್ಧರಿಸುವ ಈ ಪರೀಕ್ಷೆಗೆ ಐರ್ಲೆಂಡಿನ ಮನೆಗಳಲ್ಲಿ ಇರುವ ಭಯಭಕ್ತಿ, ನಮ್ಮಲ್ಲಿ ದ್ವಿತೀಯ ಪಿಯುಸಿಗೆ ಇರುವಂಥದ್ದೇ.

ಒಬ್ಬನೇ ಹುಡುಗ ಶಾಲೆಗೂ, ಕ್ಲಬ್‌ಗೂ, ಕೌಂಟಿಗೂ ಆಡುತ್ತ, ಪರೀಕ್ಷೆಗೂ ಓದಬೇಕಾದ ಪರಿಸ್ಥಿತಿ ಕ್ರೀಡಾಡಳಿತಕ್ಕೂ ಚಿಂತೆ ತಂದಿತು. 2018ರಿಂದ ಕಿರಿಯರ ಕೌಂಟಿ ವಿಭಾಗದ ವಯೋಮಿತಿಯನ್ನು 18ರಿಂದ 17ಕ್ಕೆ ಇಳಿಸಿದ್ದರ ಹಿಂದೆ ಈ ಕಾಳಜಿಯೂ ಇತ್ತು. ಅಂತಿಮ ವರ್ಷದ ಹೆಚ್ಚಿನ ಹುಡುಗರು ಇದರಿಂದ ಪರೀಕ್ಷೆಯ ದಿನಗಳಲ್ಲಿ ಕಿರಿಯರ ಕೌಂಟಿ ಪಂದ್ಯಗಳ ಒತ್ತಡದಿಂದ ಮುಕ್ತರಾದರು. 2013ರ ಡಂಗಾರ್ವನ್ ಹುಡುಗರಿಗೆ ಆ ಅನುಕೂಲವಿರಲಿಲ್ಲ.

ಶಾಲಾ ಹರ್ಲಿಂಗ್‌ನ ಇನ್ನೊಂದು ಕಠೋರ ನಿಯಮವನ್ನು ಯಾರೂ ಬರೆದಿಟ್ಟಿಲ್ಲ. ಕ್ಲಬ್ ಆಟಗಾರನಿಗೆ ಸೋತರೆ ಮುಂದಿನ ವರ್ಷವಿದೆ. ಅಂತಿಮ ವರ್ಷದ ವಿದ್ಯಾರ್ಥಿಗೆ ಇಲ್ಲ. 2020ರ ಮಾರ್ಚ್ 12ರಂದು ಕೋವಿಡ್ ಕಾರಣದಿಂದ ಐರ್ಲೆಂಡಿನ ಶಾಲೆಗಳು ಬಾಗಿಲು ಮುಚ್ಚಿದಾಗ ಶಾಲಾ ಪಂದ್ಯಗಳೂ ನಿಂತವು. ಆ ವರ್ಷ ಶಾಲೆ ಮುಗಿಸಿದ ಹುಡುಗರ ಪಾಲಿಗೆ ಆ ಅವಕಾಶ ಮರಳಿ ಬರಲಿಲ್ಲ.

ವಾಟರ್‌ಫರ್ಡ್‌ನ ಹಿರಿಯರ ತಂಡ 1959ರ ನಂತರದ ಗೆಲುವಿಗಾಗಿ ಇನ್ನೂ ಕಾಯುತ್ತಿದೆ. ಡಂಗಾರ್ವನ್ನಿನಲ್ಲಿ ನದಿಯ ಎರಡು ದಡಗಳ ಕ್ಲಬ್‌ಗಳು ಎಂದಿನಂತೆ ಎದುರಾಳಿಗಳಾಗಿಯೇ ಇವೆ. ಅವರಲ್ಲಿ ಕೆಲವರು ಒಂದು ಚಳಿಗಾಲ ಜೊತೆಯಾಗಿ ಆಡಿ ದೇಶವನ್ನೇ ಗೆದ್ದರೆಂಬ ಸಂಗತಿ ಮಾತ್ರ ಕ್ರೋಕ್ ಕಪ್ ವಿಜೇತರ ಪಟ್ಟಿಯಲ್ಲಿ, ದೊಡ್ಡ ಕಾಲೇಜುಗಳ ಹೆಸರುಗಳ ನಡುವೆ, ದಾಖಲಾಗಿ ಉಳಿದಿದೆ.